ಹದಿನಾಲ್ಕನೇ ಬಾಬತ್ತು

ಸ್ಟ್ಯಾನ್ಲಿಯಲ್ಲಿ ಇಂಟರ್ನೆಟ್ಟು ನಡುರಾತ್ರಿ ದಾಟಿದರೆ ಅಗ್ಗ.
ಹಾಗಾಗಿ ಸರ್ಕಾರಕ್ಕೆ ಬರೆಯುವುದನ್ನೆಲ್ಲ
ನಾನು ಗೂಬೆಯ ಹೊತ್ತಿನಲ್ಲೇ ಬರೆಯುವುದು.
ಹೊರಗೆ ಗಾಳಿ. ಫಾಕ್‌ಲ್ಯಾಂಡಿನಲ್ಲಿ ಗಾಳಿ ಬೀಸಿದರೆ ಸುದ್ದಿಯಲ್ಲ,
ನಿಂತರೆ ಸುದ್ದಿ.

ವೃತ್ತಿ ತರಬೇತಿಯ ಡಿಜಿಟಲ್ ಪಾಠಗಳಿಗೆ ಅನುದಾನ, ನಮೂನೆ ಬಿ.
ಕಸುಬು: ಉಣ್ಣೆ ವಿಂಗಡಣೆ.
ಕಲಿಯುವವರು: ಹನ್ನೊಂದು ಮಂದಿ, ಏಳು ದ್ವೀಪಗಳಲ್ಲಿ.
ಕಲಿಸುವವರು: ಹೆಸ್ಟರ್ ಗೌರ್ಲೆ, ವಯಸ್ಸು ಎಪ್ಪತ್ತೊಂದು.
ಅರ್ಹತೆ:
ಇಲ್ಲಿ ಕರ್ಸರ್ ಕಣ್ಣು ಮಿಟುಕಿಸುತ್ತ ನಿಂತುಬಿಟ್ಟಿತು.
ಪ್ರಮಾಣಪತ್ರ ಕೇಳಿದರೆ ಆಕೆ ಹೆಬ್ಬೆರಳು ತೋರಿಸುತ್ತಾಳೆ,
ಐವತ್ತು ಬೇಸಿಗೆ ಉಣ್ಣೆಯ ಜಿಡ್ಡಿನಲ್ಲಿ ಮಿಂದು
ಹಸುಗೂಸಿನ ಕೆನ್ನೆಯಂತಾದ ಹೆಬ್ಬೆರಳು.
ಅದನ್ನು ಲಗತ್ತಿಸುವುದು ಹೇಗೆ?

ಮಾದರಿ ಪಾಠಕ್ಕೆಂದು ಕ್ಯಾಮೆರಾ ಹೂಡಿದ್ದೆ ಅವಳ ಕೊಟ್ಟಿಗೆಯಲ್ಲಿ.
ನಯ ಅಂದರೆ ಎಷ್ಟು ನಯ, ಹೇಳಿ, ಅಂದೆ.
ಇಷ್ಟು, ಅಂದಳು,
ಒಂದು ಹಿಡಿ ತೆಗೆದು ಲೆನ್ಸಿನ ಬಾಯಿಗೆ ತುರುಕಿ.
ಆ ಮೇಲೆ ಮೂರು ನಿಮಿಷ
ಚಿತ್ರದಲ್ಲಿ ಬರೀ ಬಿಳುಪು, ಮತ್ತು ಅವಳ ಕೆಮ್ಮು.

ಪ್ರಶ್ನೆ ಒಂಬತ್ತು: ಅಳೆಯಬಹುದಾದ ಫಲಿತಾಂಶಗಳು,
ನೂರೈವತ್ತು ಪದ ಮೀರದಂತೆ.
ಬರೆದೆ, ಅಳಿಸಿದೆ, ಬರೆದೆ.
ಅಂಗೈ ಹುಣ್ಣಿಗೆ ಕನ್ನಡಿ ಬೇಡವಂತೆ.
ಅಂಗೈ ಉಣ್ಣೆಗೆ ಕನ್ನಡಿ ಕೊಡಿ ಎಂದು
ಖಜಾನೆಯ ಬಾಗಿಲು ತಟ್ಟುತ್ತಿದ್ದೇನಲ್ಲ ನಾನು!

ಒಂದು ಮಾತ್ರ ಸಿಕ್ಕಿತು, ಅದೂ ಅವಳಿಂದಲೇ.
ಎಳೆಯ ಗೊಂಚಲೊಂದರ ಎರಡು ತುದಿ ಬಿಗಿಹಿಡಿದು
ಕಿವಿಯ ಪಕ್ಕ ಮೀಟಿದಳು.
ಟಿಣ್ ಅಂದರೆ ಗಟ್ಟಿ.
ಚಟಪಟ ಅಂದರೆ ಆ ಕುರಿ
ಜುಲೈಯ ಹಿಮದಲ್ಲಿ ಎಲ್ಲೋ ಹಸಿದಿತ್ತು,
ಹಸಿದ ವಾರ ಎಳೆಯಲ್ಲಿ ಸೊರಗಿ ಕೂತಿದೆ.
ಕುರಿ ಮರೆತಿರುತ್ತೆ, ಅಂದಳು. ಉಣ್ಣೆ ಮರೆಯಲ್ಲ.

ಮೈಕು ಅದನ್ನು ಹಿಡಿಯಿತು.
ಹನ್ನೊಂದು ಎಂಬಿ ಹಸಿವು.
ಸರ್ಕಾರದ ಮಿತಿ ಎರಡು.
ಕತ್ತರಿಸಿ ಕತ್ತರಿಸಿ ಒಂದೇ ಒಂದು ಚಟಪಟ ಉಳಿಸಿ
ಬೆಳಗಿನ ಐದೂ ಮುಕ್ಕಾಲಿಗೆ ಕಳಿಸಿದೆ.

ಆರು ವಾರದ ಮೇಲೆ ಖಜಾನೆಯಿಂದ ಫೆನ್ವಿಕ್ ಫೋನು.
ಎಲ್ಲ ಸರಿ. ಹದಿನಾಲ್ಕನೇ ಬಾಬತ್ತು ಮಾತ್ರ
ಕೈತಪ್ಪಿ ಬಂತೇ?
'ಅಂಚೆ: ಉಣ್ಣೆ ತುಂಬಿದ ಲಕೋಟೆ, ಅರವತ್ತಾರು.'
ಇ-ಕಲಿಕೆ ಅಂದಮೇಲೆ ಲಕೋಟೆ ಯಾಕೆ?
ಪರದೆಗೆ ಮೈಯಿಲ್ಲ ಸಾರ್, ಅಂದೆ.
ಅದನ್ನು ಯಾವ ಶೀರ್ಷಿಕೆಯಡಿ ಹಾಕಲಿ, ಅಂದ.
ವ್ಯಂಗ್ಯವಲ್ಲ; ಪಾಪ, ನಿಜಕ್ಕೂ ಪೆನ್ನು ಹಿಡಿದು ಕೂತಿದ್ದ.
ನನಗೂ ಹೊಳೆಯಲಿಲ್ಲ.

ಮಂಜೂರಾಯಿತು, ಹದಿನಾಲ್ಕು ಬಿಟ್ಟು.

ಹೆಸ್ಟರ್ ಬೈಯಲಿಲ್ಲ. ತನ್ನ ಪಿಂಚಣಿಯಲ್ಲಿ ಸ್ಟಾಂಪು ತಂದು
ನಾಲಿಗೆ ಒಣಗುವವರೆಗೆ ಅಂಟಿಸಿದಳು.
ಕೆಂಪು ಪುಟ್ಟ ವಿಮಾನ ಹೊತ್ತೊಯ್ದಿತು,
ಪೈಲಟ್ಟಿನ ಪಕ್ಕದ ಸೀಟಿನಲ್ಲಿ ಕೂರಿಸಿ.

ಡಿಸೆಂಬರದ ಒಂದು ಸಂಜೆ ಪಶ್ಚಿಮದಿಂದ ಕರೆ: ಟಿನಾಶೆ.
ಅವನಪ್ಪ ಜಿಂಬಾಬ್ವೆಯಿಂದ ಬಂದು
ಇಲ್ಲಿನ ಮರಳಲ್ಲಿ ನೆಲಬಾಂಬು ಹೆಕ್ಕಿದವನು,
ಬೆರಳು ನಂಬಿ ಬದುಕಿದ ಮನೆತನ.
'ಕಿವಿ ಹತ್ತಿರ ಮೀಟಿದೆ. ಚಟಪಟ ಅಂತು.
ಅದು ಒಳ್ಳೇದಾ, ಕೆಟ್ಟದ್ದಾ?'
ಮೂರನೇ ಪಾಠದಲ್ಲಿ ಇದೆಯಲ್ಲೋ, ಅಂದೆ.
'ಮೂರನೇ ಪಾಠ ನಲವತ್ತೊಂದು ಶೇಕಡಾ ಇಳಿದು ನಿಂತಿದೆ,
ನಿನ್ನೆಯಿಂದ.'

ಫೋನು ಹೆಸ್ಟರಿಗೆ ಕೊಟ್ಟೆ.
ಇನ್ನೊಂದ್ಸಲ ಮೀಟು, ಅಂದಳು,
ಫೋನ್ ಹತ್ತಿರ ಹಿಡಿ.
ಆಮೇಲೆ ಕಣ್ಣು ಮುಚ್ಚಿದಳು.