ಹತ್ತು ಪೈಸೆ

ಹಾಸನದ ಗುಜರಿಯಲ್ಲಿ ಸಿಕ್ಕ ಪ್ಲೇಯರಿಗೆ
ಹೊಸ ಮುಳ್ಳು ಹಾಕಿಸಿ, ಬಸ್ಸಿನಲ್ಲಿ
ತೊಡೆಯ ಮೇಲಿಟ್ಟುಕೊಂಡು ಬಂದೆ.
ಅರಸೀಕೆರೆ ಮುಟ್ಟುವಷ್ಟರಲ್ಲಿ ಕಂಡಕ್ಟರು ಎರಡು ಸಲ ಕೇಳಿದ,
ಏನಮ್ಮ ಅದು, ಇಡ್ಲಿ ಪಾತ್ರೆಯಾ?
ಹೂಂ ಅಂದೆ.

ಅಟ್ಟದಿಂದ ಇಳಿದ ತಟ್ಟೆಗಳು ನಲವತ್ತೊಂದು.
ಅಂಟುವಾಳದ ನೊರೆಯಲ್ಲಿ ತೊಳೆದು
ಹಳೇ ಪಂಚೆಯ ಮೇಲೆ ಹರವಿದೆ, ಹಪ್ಪಳದ ಹಾಗೆ,
ಆದರೆ ನೆರಳಲ್ಲಿ.
ಹಾಡಿದವರ ಹೆಸರಿದ್ದ ಕಡೆಯೆಲ್ಲ
ಅಪ್ಪ ಬಿಳಿ ಕಾಗದ ಅಂಟಿಸಿ
ನೇರಳೆ ಪೆನ್ಸಿಲ್ಲಿನಲ್ಲಿ ಬರೆದಿದ್ದಾನೆ:
ಧಾರೆಗೆ.
ಎರಡನೇ ಪಂಕ್ತಿಗೆ.
ಬೀಗರು ಇಳಿಯುವಾಗ.
ಸಾವಿನ ಮನೆಗೆ ಬೇಡ.
ಒಂದರ ಮೇಲೆ ಬರೀ, ಕರೆಂಟು ಬಂದ ಮೇಲೆ.

ಹಾಡು ನಮ್ಮೂರಿಗೆ ತೆಂಗಿನ ಮರದಿಂದಲೇ ಬಂದದ್ದು.
ಚನ್ನವೀರಣ್ಣನ ಮೈಕ್‌ಸೆಟ್ಟು,
ಹಾರ್ನಿನ ತಗಡು ಕಚ್ಚಿದ ದನಿ,
ಗಾಳಿ ಬೀಸಿದ ಕಡೆ ವಾಲಿ
ಅರ್ಧ ಪದ ಕೆರೆಗೆ ಬಿದ್ದು.
ಈಗ ಒಂದು ಮೊಳದ ದೂರದಲ್ಲಿ ಕೇಳುತ್ತೇನೆ.
ಹಾಡುವವಳಿಗೆ ಉಸಿರಿದೆ.
ಸಾಲಿಗೆ ಮುಂಚೆ ಅದನ್ನು ಒಳಗೆಳೆದುಕೊಳ್ಳುತ್ತಾಳೆ.
ತಬಲದವನ ಉಂಗುರ ಎಲ್ಲೋ ತಗುಲುತ್ತದೆ.
ಹಿಂದೆ ಯಾರೋ ಕುರ್ಚಿ ಸರಿಸಿದ್ದಾರೆ,
ಆ ಸದ್ದನ್ನು ಇಡೀ ಊರಿಗೆ ಹಂಚಿದ ಅಪ್ಪ
ಒಂದು ಸಲವೂ ಅದನ್ನು ಕೇಳಿರಲಾರ.

ಭಾನುವಾರ ಸಾವಂತ್ರಮ್ಮ ಬಂದಳು,
ಕೊಬ್ಬರಿ ಮಂಡಿಯಲ್ಲಿ ತೂಕ ಬರೆಯುವವಳು.
ಆ ಹಾಡು ಐತಾ? ನನ್ ಧಾರೇಲಿ ಸಿಕ್ಕಾಕ್ಕೊಂಡಿತ್ತಲ್ಲ, ಅದು.

ಇದೆ. ಗೆರೆ ಬಿದ್ದ ನಲವತ್ತೈದರ ತಟ್ಟೆ.
ಅವತ್ತು ಅಪ್ಪ ಕಾಫಿಗೆಂದು ಅಡುಗೆಯವರ ಕಡೆ ಹೋಗಿದ್ದ.
ಛತ್ರದ ಮೇಲಿಂದ ಹಾರ್ನು ಕೇಳತೊಡಗಿತಂತೆ,
ಬರಲಾ
ಬರಲಾ
ಬರಲಾ
ಅಂತರಪಟದ ಆಚೆ ಗಂಡು, ಈಚೆ ಇವಳು ನಕ್ಕೇಬಿಟ್ಟಳು.
ಪುರೋಹಿತರು ಮಂತ್ರ ತಪ್ಪಿದರು.
ಅತ್ತೆ ಆ ನಗುವನ್ನು ಹದಿನೆಂಟು ವರ್ಷ ಮರೆಯಲಿಲ್ಲ.
ಗಂಡನೂ ಮರೆಯಲಿಲ್ಲ. ರೈಲ್ವೆ ಯಾರ್ಡಿನಲ್ಲಿ ಪಾಯಿಂಟ್ಸ್‌ಮನ್,
ರಾತ್ರಿಪಾಳಿ ಮುಗಿಸಿ ಬಂದರೆ ಬಾಗಿಲು ತಟ್ಟುತ್ತಿರಲಿಲ್ಲ,
ಹೊರಗೆ ನಿಂತು ಮೂರು ಸಲ, ಅದೇ ರಾಗದಲ್ಲಿ.
ಹೋದ ವರ್ಷದ ತನಕ.

ನಾನು ಹೇಳಲಿಲ್ಲ.
ಹೋದ ವಾರವಷ್ಟೇ, ಮುಳ್ಳಿನ ತಲೆಗೆ
ಹೂವಂಚಿನ ಹತ್ತು ಪೈಸೆ ಇಟ್ಟು ಭಾರ ಕೊಟ್ಟಾಗ
ಮುಳ್ಳು ಆ ಗೆರೆ ದಾಟಿಬಿಟ್ಟಿತ್ತು.
ಪದ ಪೂರ್ತಿಯಾಗಿತ್ತು.
ಬರಲಾರೆ, ಎನ್ನುತ್ತಾಳೆ ಅವಳು.
ಮಿಕ್ಕ ಹಾಡೆಲ್ಲ ಬರಲಾರದ್ದಕ್ಕೆ ಕಾರಣಗಳು.
ಅಪ್ಪ ಪ್ರತಿ ಸಲ ಬೆರಳಲ್ಲಿ ತಳ್ಳಿ ದಾಟಿಸಿದ,
ಕಾರಣಗಳನ್ನು ಗಾಳಿ ತಿಂದಿತು,
ನೂರಾರು ಮದುವೆಗೆ
ಆ ರೆ ಬಂದೇ ಇರಲಿಲ್ಲ.

ನಾಣ್ಯ ತೆಗೆದು ಮುಷ್ಟಿಯಲ್ಲಿಟ್ಟುಕೊಂಡೆ.
ಮುಳ್ಳು ಇಳಿಯಿತು. ಚಿಟಪಟ. ಉಸಿರು.
ಆಮೇಲೆ ಆ ಜಾಗ.
ಬರಲಾ
ಬರಲಾ
ಮೂಲೆಯ ಕುರ್ಚಿಯಲ್ಲಿ ಅಪ್ಪ,
ಹಾರ್ನುಗಳು ಅವನ ಎರಡೂ ಕಿವಿ ತಿಂದು ಹತ್ತು ವರ್ಷವಾಯಿತು.
ಆದರೂ ಕೈ ಎದ್ದಿತು.
ತೋಳು ಒಳಗೆ ಸರಿಯದೆ ನಿಂತದ್ದು
ಕಣ್ಣಿಗೆ ಕಂಡಿತ್ತು.
ತೋರುಬೆರಳು ತಳ್ಳಲು ಮುಂದೆ ಬಂತು.
ಸಾವಂತ್ರಮ್ಮ ಮಣಿಕಟ್ಟು ಹಿಡಿದಳು,
ಇರಿ ಚನ್ನವೀರಣ್ಣ, ಇರಿ, ಕೇಳ್ತಾವ್ನೆ.
ಅಪ್ಪನಿಗೆ ಏನೂ ಕೇಳಿಸಲಿಲ್ಲ. ಹೂಂ ಅಂದ.

ಯಾರ್ಡಿನಲ್ಲಿ ಗೂಡ್ಸ್ ಗಾಡಿ ಹಿಂದಕ್ಕೆ ಸರಿದು
ಡಬ್ಬಿಗಳು ಒಂದಕ್ಕೊಂದು ತಾಗಿದವು, ನೆಲ ಅದುರಿತು.
ದಿನಾ ಅಷ್ಟು ಸಾಕು, ಮುಳ್ಳು ಹಾರುತ್ತದೆ.
ಇವತ್ತು ಹಾರಲಿಲ್ಲ.
ಬರಲಾ, ಎಂದಿತು.
ಬಾ ಮತ್ತೆ, ಎಂದಳು ಅವಳು,
ತಟ್ಟೆಯನ್ನಲ್ಲ, ಬಾಗಿಲನ್ನು ನೋಡುತ್ತ,
ಅನ್ನ ಆರೋಯ್ತದೆ.
ನನ್ನ ಮುಷ್ಟಿಯಲ್ಲಿ ಹತ್ತು ಪೈಸೆ ಬೆವರಿತ್ತು.