ತೊಂಬತ್ತೊಂದನೆಯವನು

ಗೋಡೆಯಗಲದ ಕಬ್ಬಿಣದ ಹಲಗೆ.
ಒಬ್ಬೊಬ್ಬ ಹುಡುಗನಿಗೂ ಒಂದು ಅಯಸ್ಕಾಂತದ ಪಟ್ಟಿ:
ಹೆಸರು, ಕಾಲೇಜು, ಎತ್ತರ, ತೂಕ,
ನಲವತ್ತು ಗಜ ಓಡಲು ಹಿಡಿದ ಸಮಯ,
ಅಂಗೈಯ ಅಗಲ ಕೂಡ.
ಹೆಣ್ಣು ನೋಡಲು ಹೋದವರೂ ಇಷ್ಟು ಅಳೆಯಲಾರರು.

ಟವೇರಿಸ್ ಓಡಮ್ ತೊಂಬತ್ತೊಂದನೆಯವನು.
ಮಿಸಿಸಿಪ್ಪಿಯ ಸಣ್ಣ ಕಾಲೇಜು, ಎಡ ಮಂಡಿಗೆ ಹೊಲಿಗೆ.
ನವೆಂಬರಿನಲ್ಲಿ ನಾನೇ ಹೋಗಿ ನೋಡಿದ್ದೆ:
ತಾನು ಕೆಡವಿದವನಿಗೆ ತಾನೇ ಕೈನೀಡಿ ಎಬ್ಬಿಸುತ್ತಿದ್ದ,
ಪ್ರತಿ ಸಲವೂ.
ಅದಕ್ಕೆ ಹಲಗೆಯಲ್ಲಿ ಕಾಲಂ ಇಲ್ಲ.

ಏಪ್ರಿಲ್ ಬಂದರೂ ಈರಿ ಸರೋವರದ ಗಾಳಿಗೆ ಹಲ್ಲಿತ್ತು.
ರಾತ್ರಿ ಹನ್ನೊಂದಕ್ಕೆ, ಸೋತ ಅಯಸ್ಕಾಂತ
ಟಪ್ ಎಂದು ನೆಲಕ್ಕೆ ಬಿತ್ತು.
ಕಸ ಗುಡಿಸುತ್ತಿದ್ದ ನಿಲ್ಡಾ ಬಗ್ಗಿ ಹೆಕ್ಕಿದಳು,
ಏಪ್ರನ್ನಿಗೆ ಒರೆಸಿ
ಖಾಲಿ ಕಂಡಲ್ಲಿ ಅಂಟಿಸಿದಳು,
ನಲವತ್ತಕ್ಕೂ ನಲವತ್ತೊಂದಕ್ಕೂ ನಡುವೆ.
ನಾನು ತಣ್ಣಗಾದ ಕಾಫಿ ಕುಡಿಯುತ್ತಿದ್ದೆ. ಬಾಯಿ ಬಿಡಲಿಲ್ಲ.

ಬೆಳಿಗ್ಗೆ ಹಿರಿಯರು ಬಂದರು. ಕ್ರೌಸ್ ಕನ್ನಡಕ ಸರಿಮಾಡಿ
"ಇವನನ್ನು ಮೇಲೆ ಹತ್ತಿಸಿದ್ದು ಯಾರು?" ಎಂದ.
ಯಾರೂ "ನಾನಲ್ಲ" ಎನ್ನಲಿಲ್ಲ.
ಒಬ್ಬ ಅವನ ಸೊಂಟ ಹೊರಳುವ ಚುರುಕನ್ನು ಹೊಗಳಿದ.
ಮಂಡಿ ಪೂರಾ ವಾಸಿಯಂತೆ, ಇನ್ನೊಬ್ಬ.
ನಾನು ಮೊದಲೇ ಹೇಳಿರಲಿಲ್ಲವೇ, ಮತ್ತೊಬ್ಬ.
ಊಟದ ಹೊತ್ತಿಗೆ ಮೂವತ್ತಾರು.

ಎಲ್ಲರೂ ಎದ್ದು ಹೋದ ಮೇಲೆ ನೋಡಿದೆ:
ಸಾಲು ಜರುಗಿ ಜರುಗಿ
ಕೊನೆಗೊಬ್ಬ ಹಲಗೆಯ ಅಂಚಿಗೆ ಬಂದಿದ್ದ.
ಹೆಸರು ಓದಲು ಹತ್ತಿರ ಹೋಗಬೇಕಾಯಿತು.
ಬೆರಳಿಂದ ಅಲುಗಿಸಿದೆ.
ಗಟ್ಟಿಯಾಗಿಯೇ ಹಿಡಿದುಕೊಂಡಿತ್ತು.