ಮನೆ ತೋರಿಸುವ ಹೊತ್ತು

ಜುಲೈ, ಮಧ್ಯಾಹ್ನ ಎರಡು, ತುಂಬಿದ ಉಬ್ಬರ.
ಮನೆ ತೋರಿಸುವವರು ಈ ಹೊತ್ತನ್ನೇ ಹುಡುಕುತ್ತಾರೆ.
ಫಂಡಿ ಕೊಲ್ಲಿಯ ಪಂಚಾಂಗ ಅವರ ಕೈಚೀಲದಲ್ಲೇ ಇರುತ್ತದೆ.
ನೀರು ಅಂಗಳದ ಕಲ್ಲಿಗೆ ಬಂದು
ಸಾಕಿದ ಬೆಕ್ಕಿನ ಹಾಗೆ ಮೈ ಉಜ್ಜುತ್ತದೆ.
ಜಗಲಿಯಲ್ಲಿ ಎರಡು ಕುರ್ಚಿ, ಒಂದು ಹೂಜಿ ನಿಂಬೆ ಪಾನಕ.
ಮಿಸೆಸ್ ಕಾರ್ಕಂ ಹೇಳುತ್ತಾಳೆ:
ಈ ನೋಟಕ್ಕೆ ಬೆಲೆ ಕಟ್ಟಲಾದೀತೆ?
ಕಟ್ಟಿದ್ದಾಳೆ. ಕಾಗದದಲ್ಲಿದೆ.

ನಾನು ಲಿಯಾಂಡರ್. ಮನೆ ಪರೀಕ್ಷಿಸುವುದು ನನ್ನ ಕೆಲಸ.
ಏಣಿ, ಟಾರ್ಚು, ತೇವ ಅಳೆಯುವ ಮುಳ್ಳು,
ಮೊಣಕಾಲಿಗೆ ಕಟ್ಟುವ ಮೆತ್ತೆ.
ಕೊಳ್ಳಬೇಡಿ ಎನ್ನುವ ಹಕ್ಕು ನನಗಿಲ್ಲ,
ನೋಡಿದ್ದನ್ನು ಬರೆಯುತ್ತೇನೆ, ಅಷ್ಟೆ.
ಆದರೂ ಡೆಲ್ಫೀನ್, ನೀವು ಕೇಳಿದಿರಿ,
ಗಂಡ ದುರ್ಬೀನಿನಲ್ಲಿ ಕಣ್ಣು ನೆಟ್ಟಿದ್ದಾಗ, ತಗ್ಗಿದ ದನಿಯಲ್ಲಿ:
ನೀವಾಗಿದ್ದರೆ?

ನಾನಾಗಿದ್ದರೆ ಆರು ತಾಸು ಬಿಟ್ಟು ಮತ್ತೆ ಬರುತ್ತಿದ್ದೆ.
ಆಗ ಕಡಲೇ ಇರುವುದಿಲ್ಲ ಇಲ್ಲಿ.
ಕಣ್ಣು ಹಾಯುವಷ್ಟು ಕೆಂಪು ಕೆಸರು, ವಾಸನೆ,
ಪಕ್ಕಕ್ಕೆ ಒರಗಿದ ದೋಣಿ, ಯಾರದೋ ಒಂಟಿ ಬೂಟು.
ಅದೂ ನಿಮ್ಮ ನೋಟವೇ, ದಿನಕ್ಕೆ ಎರಡು ಸಲ.
ಫೆಬ್ರವರಿಯಲ್ಲಿ ಇನ್ನೊಮ್ಮೆ ಬರುತ್ತಿದ್ದೆ,
ನೈಋತ್ಯದ ಗಾಳಿಯೂ ಹುಣ್ಣಿಮೆಯ ಉಬ್ಬರವೂ
ಒಂದೇ ಮಾತು ಆಡಿಕೊಂಡ ರಾತ್ರಿ.
ಕಾರಿನ ದೀಪ ಆರಿಸಿ ಕೂತು ಕೇಳುತ್ತಿದ್ದೆ
ಮನೆ ಏನೆನ್ನುತ್ತದೆ ಅಂತ.

ಸ್ಪ್ರೂಸ್ ಮರಗಳು ಯಾವ ಕಡೆ ವಾಲಿವೆ ನೋಡಿ.
ಐವತ್ತು ವರ್ಷ ಒಂದೇ ಕಡೆ ಬಾಗಿ ಬಾಗಿ ಸೊಂಟ ಹೋಗಿದೆ.
ಬಾಗಿಲ ತಿರುಗಣಿ ಮುಟ್ಟಿ, ಬೆರಳು ಕೆಂಪಾಗುತ್ತದೆ.
ಬಾವಿಯ ನೀರು ಬಾಯಿಗೆ ಹಾಕಿಕೊಂಡೆ, ಉಗುಳಿದೆ.
ಉಪ್ಪು ತಿಂದವ ನೀರು ಕುಡಿಯಲೇಬೇಕಂತೆ;
ಉಪ್ಪು ತಿಂದ ಬಾವಿ ಏನು ಕುಡಿಯಬೇಕು?
ಬ್ಯಾಂಕಿಗೆ ಹೋಗುವ ಮುಂಚೆ ವಿಮೆಯವರಿಗೆ ಫೋನು ಮಾಡಿ,
ವಿಳಾಸ ಹೇಳಿ,
ಆ ಕಡೆಯ ಮೌನ ಎಷ್ಟು ಉದ್ದ ಎಂದು ಎಣಿಸಿ.
ಶೌಚದ ತೊಟ್ಟಿ ಎಲ್ಲಿ ಹೂತಿದೆಯೋ
ಯಾರಿಗೂ ಖಚಿತವಿಲ್ಲ. ಕಡಲಿಗೆ ಗೊತ್ತು.
ಎಲ್ಲೆಕಲ್ಲು? ಇದೆ, ನಕ್ಷೆಯಲ್ಲಿ,
ದಡದಿಂದ ಮೂವತ್ತು ಹೆಜ್ಜೆ ಆಚೆ,
ಈಗ ಏಡಿಗಳು ಕಂದಾಯ ಕಟ್ಟದೆ ಬಾಳುವ ಜಾಗದಲ್ಲಿ.
ಪತ್ರ ನಿಮ್ಮ ಹೆಸರಿಗೇ ಆಗುತ್ತದೆ, ಸಂಶಯವಿಲ್ಲ.
ಬರುವ ನೀರಿಗೆ ಯಾವ ದೊಣೆನಾಯಕನ ಅಪ್ಪಣೆ?

ಇಷ್ಟೂ ವರದಿಯಲ್ಲಿ ಬರೆಯಬಲ್ಲೆ.
ಯಾವ ಕಾಲಮ್ಮಿಗೂ ಹೊಂದದ್ದು
ನೆಲಮಾಳಿಗೆಯಲ್ಲಿದೆ.

ಮೆಟ್ಟಿಲಿಳಿದರೆ ಎಡಕ್ಕೆ ಒಂದು ಕಂಬ.
ಅದರ ಒಂದು ಮೈಯಲ್ಲಿ ಮಕ್ಕಳ ಎತ್ತರ:
ಬ್ಲಾಂಶ್, ಆರು ವರ್ಷ. ಥಿಯೊಫೀಲ್, ಒಂಬತ್ತು.
ತಲೆಯ ಮೇಲೆ ಪುಸ್ತಕವಿಟ್ಟು ಎಳೆದ ಪೆನ್ಸಿಲ್ ಗೆರೆ.
ಇನ್ನೊಂದು ಮೈಯಲ್ಲಿ ಅದೇ ಕೈಬರಹ,
ಹೆಸರಿಲ್ಲ, ಬರೀ ಇಸವಿ.
ಎಪ್ಪತ್ತಾರು, ಹಿಮ್ಮಡಿ ಗಂಟಿಗೆ.
ತೊಂಬತ್ತೊಂದು, ಮೊಣಕಾಲಿಗೆ.
ಎರಡು ಸಾವಿರದ ಹತ್ತು, ಸೊಂಟಕ್ಕೆ.
ಮಕ್ಕಳು ಹದಿನೇಳಕ್ಕೆಲ್ಲ ಬೆಳೆಯುವುದು ನಿಲ್ಲಿಸಿದರು.

ಗೋಡೆಗೆಲ್ಲ ಹೊಸ ಬಿಳಿ ಬಣ್ಣ, ಮಾರಾಟದ ಬಣ್ಣ.
ಬಳಿಯುವವನಿಗೆ ಯುಲಾಲಿ ಮೆಲಾನ್ಸನ್ ಹೇಳಿದಳಂತೆ:
ಆ ಕಂಬ ಬಿಡು.
ಮಕ್ಕಳ ನೆನಪಿಗೋ, ಕೊಳ್ಳುವವರ ಕಣ್ಣಿಗೋ ಎಂದು ಕೇಳಿದೆ.
ಪಾನಕ ಬಗ್ಗಿಸುತ್ತ ಅಂದಳು,
ನೀನು ನೋಡಿದೆಯಲ್ಲ.

ನೀವೂ ಕೆಳಗೆ ಹೋಗಿ ಬಂದಿರಿ.
ಮೊಣಕೈಗೆ ಬಣ್ಣ ಮೆತ್ತಿತ್ತು, ಒರೆಸಿಕೊಳ್ಳಲಿಲ್ಲ.
ಇವತ್ತು ಇಳಿತ ಎಷ್ಟು ಗಂಟೆಗೆ? ಎಂದಿರಿ.
ಮಿಸೆಸ್ ಕಾರ್ಕಂ ಕೈಚೀಲ ತೆರೆಯಲಿಲ್ಲ.
ಅಷ್ಟರಲ್ಲಿ ಗಾರ್ನೆಟ್ ಕೂಗಿದ,
ಡೆಲ್ಫೀನ್, ಬಾ, ಬೇಗ ಬಾ, ಸೀಲ್!

ನಾನೂ ನೋಡಿದೆ, ಸುಳ್ಳು ಹೇಳಲಾರೆ.
ಇಪ್ಪತ್ತೆರಡು ವರ್ಷದಿಂದ ಇದೇ ಕೆಲಸ,
ಆದರೂ ಏಣಿ ಕೆಳಗಿಟ್ಟು ನೋಡಿದೆ.
ಹೊಳೆಯುವ ನೀರಿನ ನಡುವೆ ಒಂದು ಒದ್ದೆ ತಲೆ.
ಅಲುಗದೆ ಮನೆಯನ್ನೇ ನೋಡುತ್ತಿತ್ತು,
ಮಾಡು, ಕಿಟಕಿ, ಮೆಟ್ಟಿಲು,
ಒಂದೊಂದಾಗಿ, ಸಾವಕಾಶವಾಗಿ,
ಅದೂ ಕೊಳ್ಳಲು ಬಂದ ಹಾಗೆ.